ಬಂಧುವೂ ಬಂಧನವೂ

ಬಂಧು, ಬಂಧನ ಎಂಬ ಎರಡು ಮಾತುಗಳೂ ಒಂದೇ ಧಾತುವಿನಿಂದ ಹುಟ್ಟಿದವು. ಕಟ್ಟುವುದು ಎಂಬುದೇ ಆ ಧಾತುವಿನ ಅರ್ಥ. ಪ್ರೀತಿಯಿಂದ ಕಟ್ಟಿಕೊಂಡವನು ಬಂಧು. ಬಲದಿಂದ ಕಟ್ಟಿಹಾಕುವುದು ಬಂಧನ. ಲಗ್ನಪತ್ರಿಕೆಗಳಲ್ಲಿ ಮೊದಲನೆಯ ಮಾತು ಸಲೀಸಾಗಿ ಬರುವುದು; ಎರಡನೆಯದು ಬೇರೆ ಯಾರದೋ ಲೋಕಕ್ಕೆ ಸೇರಿದುದೆಂದು ಗೃಹಸ್ಥರು ಎಣಿಸುವರು. ಆದರೆ ಮನೆಯವನೊಬ್ಬನು ಸಮುದ್ರದಾಚೆಯ ದೇಶದಲ್ಲಿ, ಕಾರಣವೇನೆಂಬುದು ತಿಳಿಯದೆ, ಸೆರೆಯಾದನೆಂಬ ಸುದ್ದಿ ಬಂದ ದಿನ ಈ ಎರಡು ಮಾತುಗಳೂ ಒಂದೇ ನಡುಮನೆಯಲ್ಲಿ ಎದುರುಬದುರಾಗಿ ನಿಲ್ಲುವುವು. ಆಗ ಅವನನ್ನು ಬಿಡಿಸುವುದಕ್ಕೆ ಹೊರಟವರು ಉಪಾಯವೇನೆಂದು ಮೊದಲು ಯೋಚಿಸುವರು. ಅದಕ್ಕಿಂತ ಮೊದಲು ಯೋಚಿಸಬೇಕಾದ ಪ್ರಶ್ನೆ ಇನ್ನೊಂದುಂಟು: ಪರರಾಜ್ಯದ ಸೆರೆಮನೆಯ ಬಾಗಿಲನ್ನು ತೆರೆಯಿರೆಂದು ಯಾವ ಹಕ್ಕಿನಿಂದ ಕೇಳುವುದು?

ಲೋಕದಲ್ಲಿ ಇದಕ್ಕೆ ಮೂರು ಉತ್ತರಗಳು ಕೇಳಿಬರುವುವು. ಅವನು ನಮ್ಮವನು ಎಂಬುದು ಒಂದು. ಅವನು ನಿರಪರಾಧಿ ಎಂಬುದು ಎರಡನೆಯದು. ಅವನು ಎಂಥವನೇ ಆಗಲಿ, ನ್ಯಾಯವು ಅವನಿಗೆ ಸಲ್ಲಿಸಬೇಕಾದುದನ್ನು ಸಲ್ಲಿಸಿಲ್ಲ ಎಂಬುದು ಮೂರನೆಯದು. ಮೊದಲನೆಯದು ಹೃದಯದಿಂದ ತಾನಾಗಿಯೇ ಹೊರಡುವುದು. ಎರಡನೆಯದು ಅದರ ಬೆನ್ನಿಗೇ ಬರುವುದು. ಮೂರನೆಯದು ತಡವಾಗಿ ಬರುವುದು, ಎಷ್ಟೋ ವೇಳೆ ಬಾರದೆಯೇ ಹೋಗುವುದು. ಆದರೂ ಈ ಕಾರ್ಯದ ಭಾರವನ್ನು ಹೊರಬಲ್ಲದ್ದು ಮೂರನೆಯದೊಂದೇ ಎಂಬುದು ನಿಧಾನವಾಗಿ ಪರ್ಯಾಲೋಚಿಸಿದರೆ ಗೋಚರವಾಗದಿರದು.

ಈ ವಿಚಾರವು ಮೈಸೂರಿನವರಿಗೆ ಹೊಸದಲ್ಲ. ನಗರದಿಂದ ಹದಿನೈದು ಕಿಲೋಮೀಟರಿನಷ್ಟು ದೂರದಲ್ಲಿ, ಶ್ರೀರಂಗಪಟ್ಟಣದ ಕೋಟೆಗೋಡೆಗೆ ಹೊಂದಿಕೊಂಡು, ನೆಲಮಟ್ಟಕ್ಕಿಂತ ಕೆಳಗೆ ಇಟ್ಟಿಗೆ ಗಾರೆಯ ಕಮಾನುಗಳುಳ್ಳ ಬಂದೀಖಾನೆಯೊಂದುಂಟು. ೧೭೮೦ನೆಯ ಇಸವಿ ಸೆಪ್ಟೆಂಬರ್ ೧೦ರಂದು ಪೊಳ್ಳಿಲೂರಿನ ಯುದ್ಧದಲ್ಲಿ ಸೆರೆಸಿಕ್ಕಿದ ಇಂಗ್ಲಿಷ್ ಸೇನಾನಿ ಕರ್ನಲ್ ಬೈಲಿಯ ಹೆಸರು ಅದಕ್ಕೆ ನಿಂತಿದೆ. ಬೈಲಿಯು ೧೭೮೨ರಲ್ಲಿ ಸೆರೆಯಲ್ಲಿಯೇ ತೀರಿಕೊಂಡನು. ಉಳಿದವರ ಬಿಡುಗಡೆಯು ೧೭೮೪ನೆಯ ಮಾರ್ಚ್ ೧೧ರ ಮಂಗಳೂರಿನ ಒಡಂಬಡಿಕೆಯ ಷರತ್ತುಗಳಲ್ಲೊಂದಾಯಿತು. ಹಾಗೆ ಬಿಡುಗಡೆಯಾದವರಲ್ಲಿ ಒಬ್ಬನಾದ ಡೇವಿಡ್ ಬೇರ್ಡನೇ ೧೭೯೯ನೆಯ ಮೇ ೪ರಂದು ಅದೇ ಕೋಟೆಯ ಮೇಲಣ ಲಗ್ಗೆಗೆ ಮುಂದಾಳಾದನು. ಆ ಕಮಾನುಗಳ ಕೆಳಗೆ ಇಳಿದು ನೋಡುವವರು ಮರೆಯಬಾರದ ಸಂಗತಿಯೊಂದಿದೆ. ಸ್ಕಾಟ್ಲೆಂಡಿನ ಯಾವುದೋ ಮನೆಯಲ್ಲಿ ಆ ಮೂರು ವರ್ಷಗಳ ಕಾಲ ಮಗನ ಸುದ್ದಿಗಾಗಿ ಕಾದಿದ್ದ ತಾಯಿಗೆ ಪರದೇಶದ ಸೆರೆಮನೆಯೆಂದರೆ ಇದೇ.

ಇದಾದ ಎಂಟು ವರ್ಷಗಳಲ್ಲಿಯೇ ಪಾತ್ರಗಳು ಅದಲುಬದಲಾದುವು. ೧೭೯೨ರಲ್ಲಿ ಸೋತ ಟಿಪ್ಪು ಸುಲ್ತಾನನು ದಂಡದ ಹಣ ಸಲ್ಲುವವರೆಗೆ ತನ್ನ ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಾರ್ನ್‌ವಾಲಿಸನ ಕೈಗೆ ಒಪ್ಪಿಸಬೇಕಾಯಿತು. ಅವರನ್ನು ಮದರಾಸಿನಲ್ಲಿ ಇರಿಸಿಕೊಂಡು ೧೭೯೪ರಲ್ಲಿ ಹಿಂದಿರುಗಿಸಿದರು. ೧೭೯೯ರ ತರುವಾಯ ಆ ಮನೆತನವನ್ನು ವೆಲ್ಲೂರಿನ ಕೋಟೆಯಲ್ಲಿಯೂ, ೧೮೦೬ರ ವೆಲ್ಲೂರಿನ ದಂಗೆಯ ಮೇಲೆ ದೂರದ ಕಲ್ಕತ್ತೆಯಲ್ಲಿಯೂ ಇಟ್ಟರು. ಒತ್ತೆಯಾಗಿ ಹೋದ ಆ ಬಾಲಕರು ಮಾಡಿದ ತಪ್ಪೇನು ಎಂದು ಕೇಳಿದರೆ ತಂದೆಗೆ ಮಕ್ಕಳಾಗಿ ಹುಟ್ಟಿದುದಲ್ಲದೆ ಬೇರೆ ಉತ್ತರವಿಲ್ಲ. ಅವರ ಪಾಲಿಗೆ ಬಂಧುತ್ವವೇ ಬಂಧನವಾಯಿತು. ರಾಜರ ಕಾಲದ ಕ್ರೂರ ಪದ್ಧತಿಯೆಂದು ಇದನ್ನು ಬದಿಗಿರಿಸಬಹುದಾಗಿತ್ತು. ಆದರೆ ಇಪ್ಪತ್ತೊಂದನೆಯ ಶತಮಾನದಲ್ಲಿ, ನ್ಯಾಯಸ್ಥಾನಗಳಿಗೆ ಹೆಸರಾದ ಒಂದು ದೇಶದಲ್ಲಿ, ಒಬ್ಬ ಕನ್ನಡನಾಡಿನ ವೈದ್ಯನ ವಿಷಯದಲ್ಲಿ ಇದೇ ತರ್ಕವು ವೇಷ ಬದಲಾಯಿಸಿಕೊಂಡು ಬಂದಿತು.

ಡಾಕ್ಟರ್ ಮಹಮ್ಮದ್ ಹನೀಫ್ ಅವರು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆಯವರು. ಬೆಂಗಳೂರಿನಲ್ಲಿ ವೈದ್ಯವಿದ್ಯೆಯನ್ನು ಕಲಿತು, ಕೆಲವು ಕಾಲ ಇಂಗ್ಲೆಂಡಿನಲ್ಲಿದ್ದು, ೨೦೦೬ರಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನ ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದರು. ೨೦೦೭ನೆಯ ಜೂನ್ ೩೦ರಂದು ಸ್ಕಾಟ್ಲೆಂಡಿನ ಗ್ಲಾಸ್ಗೋ ವಿಮಾನನಿಲ್ದಾಣಕ್ಕೆ ಉರಿಯುವ ವಾಹನವನ್ನು ನುಗ್ಗಿಸಿದವರಲ್ಲಿ ಒಬ್ಬನು ಬೆಂಗಳೂರಿನವನು, ಹನೀಫರಿಗೆ ದೂರದ ಸೋದರಸಂಬಂಧಿ. ಆ ವ್ಯಕ್ತಿಯ ತಮ್ಮನಿಗೆ ಹನೀಫರು ಇಂಗ್ಲೆಂಡನ್ನು ಬಿಡುವಾಗ ತಮ್ಮ ದೂರವಾಣಿಯ ಸಿಮ್ ಕಾರ್ಡನ್ನು, ಅದರಲ್ಲಿ ಇನ್ನೂ ಹಣ ಉಳಿದಿದ್ದುದರಿಂದ, ಕೊಟ್ಟು ಬಂದಿದ್ದರು. ನೆಂಟರ ಮನೆಗಳಲ್ಲಿ ಛತ್ರಿಯನ್ನೋ ಪಾತ್ರೆಯನ್ನೋ ಬಿಟ್ಟುಬರುವಷ್ಟೇ ಸಹಜವಾದ ಕೊಡುಗೆ ಅದು. ಜುಲೈ ೨ರಂದು, ಬೆಂಗಳೂರಿನಲ್ಲಿ ಹುಟ್ಟಿ ಕೆಲವೇ ದಿನಗಳಾಗಿದ್ದ ಮಗಳನ್ನು ನೋಡುವುದಕ್ಕೆಂದು ಹೊರಟಿದ್ದ ಅವರನ್ನು ಬ್ರಿಸ್ಬೇನಿನ ವಿಮಾನನಿಲ್ದಾಣದಲ್ಲಿ ಪೊಲೀಸರು ಹಿಡಿದರು. ಹೊರಡುವ ಮೊದಲು ತನಿಖೆಗಾರನಾದ ಇಂಗ್ಲೆಂಡಿನ ಪೊಲೀಸು ಅಧಿಕಾರಿಗೆ ದೂರವಾಣಿಯಲ್ಲಿ ಮಾತನಾಡಲು ಅವರು ಪ್ರಯತ್ನಿಸಿದ್ದರೆಂಬುದೂ ಅವರನ್ನು ಉಳಿಸಲಿಲ್ಲ.

ಹನ್ನೆರಡು ದಿನಗಳ ಕಾಲ ಯಾವ ಆಪಾದನೆಯನ್ನೂ ಹೊರಿಸದೆ ಅವರನ್ನು ಇಟ್ಟುಕೊಂಡರು. ಆ ದೇಶದ ಆಗಿನ ಕಾನೂನಿನಲ್ಲಿ, ಪೊಲೀಸರು ಪ್ರಶ್ನೆ ಕೇಳದೆ ಬೇರೆಡೆ ತನಿಖೆ ಮಾಡುತ್ತಿದ್ದ ಹೊತ್ತನ್ನು ಗಣನೆಗೆ ತೆಗೆದುಕೊಳ್ಳದೆ ಬಿಡಬಹುದಾಗಿತ್ತು. ಗಡಿಯಾರವನ್ನು ನಿಲ್ಲಿಸಿ ದಿನವನ್ನು ಹಿಗ್ಗಿಸಿದಂತೆ. ಜುಲೈ ೧೪ರಂದು, ಭಯೋತ್ಪಾದಕರಿಗೆ ಅವಿಚಾರದಿಂದ ನೆರವಾದರೆಂಬ ಆಪಾದನೆ ಬಂದಿತು. ಆ ಸಿಮ್ ಕಾರ್ಡು ಉರಿದ ವಾಹನದಲ್ಲಿ ದೊರೆಯಿತೆಂದು ನ್ಯಾಯಸ್ಥಾನದಲ್ಲಿ ಹೇಳಲಾಯಿತು. ಅದು ನಿಜವಲ್ಲ, ಅದು ಸಿಕ್ಕಿದ್ದು ನೂರಾರು ಕಿಲೋಮೀಟರುಗಳಾಚೆ, ಲಿವರ್‌ಪೂಲಿನಲ್ಲಿ, ಅದನ್ನು ಪಡೆದುಕೊಂಡಿದ್ದವನ ಬಳಿಯಲ್ಲಿ. ಜುಲೈ ೧೬ರಂದು ಜ್ಯಾಕಿ ಪೇನ್ ಎಂಬ ಮ್ಯಾಜಿಸ್ಟ್ರೇಟರು ಹತ್ತು ಸಾವಿರ ಡಾಲರುಗಳ ಜಾಮೀನಿನ ಮೇಲೆ ಬಿಡುಗಡೆಗೆ ಆಜ್ಞೆಮಾಡಿದರು. ಕೆಲವೇ ಗಂಟೆಗಳಲ್ಲಿ ವಲಸೆ ಇಲಾಖೆಯ ಮಂತ್ರಿ ಕೆವಿನ್ ಆಂಡ್ರೂಸರು ಹನೀಫರ ವೀಸಾವನ್ನೇ ರದ್ದುಪಡಿಸಿದರು. ಅದಕ್ಕೆ ಕೊಟ್ಟ ಕಾರಣ, ಅಪರಾಧಿಗಳೊಂದಿಗೆ ಸಂಬಂಧವಿದೆಯೆಂಬುದು. ನ್ಯಾಯಸ್ಥಾನವು ತೆರೆದ ಬಾಗಿಲನ್ನು ಕಛೇರಿಯು ಇನ್ನೊಂದು ಕಡೆಯಿಂದ ಮುಚ್ಚಿದಂತಾಯಿತು.

ಮುಂದಿನದು ಪ್ರಸಿದ್ಧವಾಗಿದೆ. ಜುಲೈ ೨೭ರಂದು ಆಪಾದನೆಯನ್ನು ಹಿಂತೆಗೆದುಕೊಂಡರು. ೨೯ರಂದು ಹನೀಫರು ಬೆಂಗಳೂರನ್ನು ಸೇರಿದರು. ಆಗಸ್ಟ್ ೨೧ರಂದು ನ್ಯಾಯಮೂರ್ತಿ ಸ್ಪೆಂಡರ್ ಅವರು ವೀಸಾದ ರದ್ದತಿಯನ್ನು ತಳ್ಳಿಹಾಕಿದರು. ಡಿಸೆಂಬರಿನಲ್ಲಿ ಮೇಲಣ ಪೀಠವೂ ಅದನ್ನೇ ಎತ್ತಿಹಿಡಿಯಿತು. ಜಾನ್ ಕ್ಲಾರ್ಕ್ ಅವರ ವಿಚಾರಣಾ ಮಂಡಲಿಯ ವರದಿಯು ೨೦೦೮ನೆಯ ಡಿಸೆಂಬರಿನಲ್ಲಿ ಪ್ರಕಟವಾಗಿ, ಗ್ಲಾಸ್ಗೋ ಕೃತ್ಯದೊಡನೆ ಹನೀಫರಿಗೆ ಸಂಪರ್ಕವಿದ್ದುದಕ್ಕಾಗಲಿ ಅದರ ಮುನ್ನರಿವಿದ್ದುದಕ್ಕಾಗಲಿ ಸಾಕ್ಷ್ಯವಿಲ್ಲವೆಂದು ಸಾರಿತು. ೨೦೧೦ರಲ್ಲಿ ಆಸ್ಟ್ರೇಲಿಯದ ಸರ್ಕಾರವು ಪರಿಹಾರವನ್ನು ಕೊಟ್ಟಿತು. ಅದೇ ವರ್ಷದ ಕಾನೂನಿನಿಂದ, ಗಡಿಯಾರ ನಿಲ್ಲಿಸುವ ಆ ಅವಕಾಶಕ್ಕೆ ಏಳು ದಿನಗಳ ಮಿತಿ ಬಂದಿತು.

ಇನ್ನು ಮೂರು ಉತ್ತರಗಳನ್ನು ಈ ಸಂಗತಿಯ ಮೇಲೆ ಒರೆಹಚ್ಚಿ ನೋಡಬೇಕು.

ಅವನು ನಮ್ಮವನು ಎಂಬ ಮಾತನ್ನು ಹಗುರವಾಗಿ ಕಾಣುವುದು ತರವಲ್ಲ. ಸೆರೆಯಾದವನು ಕಾಣೆಯಾಗಿದ್ದಾನೆಂಬುದು ಮೊದಲು ತಿಳಿಯುವುದು ಮನೆಯವರಿಗೇ. ಹೇಳುವವರು ಕೇಳುವವರು ಇಲ್ಲದವನು ಎಂಬ ಮಾತು ಕನ್ನಡದಲ್ಲಿ ಅನಾಥನಿಗೆ ಸಲ್ಲುವುದು. ಸೆರೆಯಾಳಿಗೆ ಮೊದಲ ಕೇಳುವವರು ಹೆಂಡತಿ, ತಾಯಿ, ಸೋದರರು. ಹನೀಫರ ಪತ್ನಿಯು ಹಸುಗೂಸನ್ನು ಎತ್ತಿಕೊಂಡು ಬೆಂಗಳೂರಿನ ಮನೆಯಿಂದ ಕೇಳಿದ ಮಾತು ಎರಡು ದೇಶಗಳ ಪತ್ರಿಕೆಗಳಿಗೂ ಮುಟ್ಟಿತು. ಆದರೂ ಬಂಧುವಿನ ಮಾತಿಗೆ ಎರಡು ಕುಂದುಗಳುಂಟು. ಬಂಧುವು ಹೇಳಿದನೆಂಬ ಕಾರಣದಿಂದಲೇ ಸರ್ಕಾರದವರು ಆ ಮಾತನ್ನು ಅರ್ಧಕ್ಕೆ ಇಳಿಸಿ ಕೇಳುವರು. ಅದಕ್ಕಿಂತ ದೊಡ್ಡ ಕುಂದು ಇನ್ನೊಂದು. ಅವನು ನಮ್ಮವನಾದುದರಿಂದ ಬಿಡಿ ಎಂದು ಒಂದು ಕಡೆಯವರು ಹೇಳಿದರೆ, ಅವನು ಅವರವನಾದುದರಿಂದ ಹಿಡಿದೆವು ಎಂದು ಇನ್ನೊಂದು ಕಡೆಯವರು ಹೇಳುವರು. ಎರಡು ವಾಕ್ಯಗಳಲ್ಲಿಯೂ ಮನುಷ್ಯನನ್ನು ಅಳೆಯುವ ಕೋಲು ಒಂದೇ. ಅವನು ಮಾಡಿದುದನ್ನು ಬಿಟ್ಟು ಅವನು ಯಾರವನೆಂಬುದನ್ನು ಅಳೆಯುವ ಕೋಲು. ಅದೇ ಕೋಲಿನಿಂದ ಟಿಪ್ಪುವಿನ ಮಕ್ಕಳನ್ನು ಅಳೆದರು. ಅದರಿಂದಲೇ ಹನೀಫರನ್ನೂ ಅಳೆದರು. ಸಂಬಂಧವೆಂಬ ಒಂದು ಮಾತು ಎಷ್ಟು ದೂರ ಹೋಗಬಹುದೆಂಬುದೇ ಸ್ಪೆಂಡರ್ ಅವರ ಮುಂದಿದ್ದ ಪ್ರಶ್ನೆ. ನಿರ್ದೋಷವಾದ ಪರಿಚಯವನ್ನೂ ನೆಂಟಸ್ತನವನ್ನೂ ದೋಷದ ಸಂಬಂಧವೆಂದು ಎಣಿಸಲಾಗದು. ಅಪರಾಧದೊಡನೆಯೇ ಏನಾದರೊಂದು ಕೂಟವಿರಬೇಕು ಎಂಬುದು ಅವರ ತೀರ್ಪಿನ ಹುರುಳು.

ಹನೀಫರ ಬಂಧನವನ್ನು ಸಡಿಲಿಸಿದವರಲ್ಲಿ ಅವರ ನೆಂಟರಲ್ಲದವರೇ ಬಹುಮಂದಿ. ಆ ಮ್ಯಾಜಿಸ್ಟ್ರೇಟರಿಗೂ ನ್ಯಾಯಮೂರ್ತಿಗಳಿಗೂ ಮೂಡಿಗೆರೆ ಎಲ್ಲಿದೆಯೆಂಬುದು ತಿಳಿದಿರಬೇಕಾದ ಕಾರಣವಿರಲಿಲ್ಲ. ಬ್ರಿಸ್ಬೇನಿನ ವಕೀಲ ಪೀಟರ್ ರಸ್ಸೊ, ಬ್ಯಾರಿಸ್ಟರ್ ಸ್ಟೀಫನ್ ಕೀಮ್ ಇವರಿಬ್ಬರೂ ಅಪರಿಚಿತನೊಬ್ಬನ ಪಕ್ಷವನ್ನು ಹಿಡಿದರು. ಸಿಮ್ ಕಾರ್ಡಿನ ನಿಜಸಂಗತಿಯನ್ನು ಹೊರಗೆಡಹಿದವರು ಆ ದೇಶದ ವಾರ್ತೆಗಾರರೇ. ಕೀಮರ ಒಂದು ನಡೆಯು ಧರ್ಮಸೂಕ್ಷ್ಮವುಳ್ಳದ್ದು. ಪೊಲೀಸರ ಮುಂದೆ ಹನೀಫರು ಕೊಟ್ಟ ಹೇಳಿಕೆಯ ಪೂರ್ಣ ಪ್ರತಿಯನ್ನು ಅವರು ಪತ್ರಿಕೆಗೆ ಕೊಟ್ಟರು. ತುಂಡುತುಂಡಾಗಿ ಹೊರಬರುತ್ತಿದ್ದ ಸುದ್ದಿಗಳಿಂದ ತಮ್ಮ ಕಕ್ಷಿಗಾರನ ಮುಖಕ್ಕೆ ಮಸಿ ಹತ್ತುತ್ತಿರುವುದನ್ನು ಕಂಡು ಹಾಗೆ ಮಾಡಿದರು. ವಕೀಲವೃತ್ತಿಯ ಮರ್ಯಾದೆ ಮೀರಿದರೆಂದು ಅವರ ಮೇಲೆ ದೂರು ಹೋಯಿತು. ವಿಚಾರಣೆಯಾಗಿ ಅದು ಬಿದ್ದುಹೋಯಿತು. ೨೦೦೯ರಲ್ಲಿ ಅವರಿಗೆ ಆ ದೇಶದ ಮಾನವ ಹಕ್ಕುಗಳ ಪದಕವು ದೊರೆಯಿತು. ಅವರು ಮುಚ್ಚುಮರೆಯಿಲ್ಲದೆ ತಾವೇ ಕೊಟ್ಟುದಾಗಿ ಒಪ್ಪಿಕೊಂಡರೆಂಬುದನ್ನು ಗಮನಿಸಬೇಕು. ನಿಯಮವೊಂದನ್ನು ಮೀರುವವನು ಅದರ ಫಲವನ್ನು ತನ್ನ ತಲೆಯ ಮೇಲೆಯೇ ಹೊತ್ತುಕೊಂಡರೆ ಆ ನಡೆಗೆ ಬೇರೆ ತೂಕ ಬರುವುದು.

ಎರಡನೆಯ ಉತ್ತರ, ಅವನು ನಿರಪರಾಧಿ ಎಂಬುದು. ಇದು ಬಲವಾದ ಮಾತಾಗಿ ತೋರುವುದಾದರೂ ಅದರಲ್ಲಿ ಕಾಲದ ತೊಡಕೊಂದಿದೆ. ಜುಲೈ ೩ರಂದು ಹನೀಫರ ನಿರಪರಾಧಿತ್ವವನ್ನು ಪ್ರಮಾಣಪೂರ್ವಕವಾಗಿ ಬಲ್ಲವರು ಅವರೊಬ್ಬರೇ. ಕ್ಲಾರ್ಕ್ ವರದಿಯು ಬಂದದ್ದು ಒಂದೂವರೆ ವರ್ಷದ ಮೇಲೆ. ನಿರಪರಾಧಿಯೆಂದು ಸ್ಥಾಪಿತವಾದ ಮೇಲೆಯೇ ಬಾಯಿ ತೆರೆಯುವೆವೆಂದು ರಸ್ಸೊ, ಕೀಮ್ ಮೊದಲಾದವರು ಕುಳಿತಿದ್ದರೆ ಆ ಒಂದೂವರೆ ವರ್ಷವನ್ನು ಅವರು ಸೆರೆಯಲ್ಲಿಯೇ ಕಳೆಯಬೇಕಾಗಿತ್ತು. ಬಹುಶಃ ಆ ವರದಿಯೇ ಹುಟ್ಟುತ್ತಿರಲಿಲ್ಲ. ನಿರಪರಾಧಿತ್ವವು ನ್ಯಾಯವಾದ ವಿಚಾರಣೆಯ ಫಲ. ಫಲವನ್ನು ತೋರಿಸಿದ ಹೊರತು ಬೀಜವನ್ನು ಬಿತ್ತಗೊಡೆವೆಂದರೆ ಬೆಳೆ ಎಲ್ಲಿಂದ ಬಂದೀತು? ಅದಲ್ಲದೆ, ನಿರಪರಾಧಿಗಾಗಿ ಮಾತ್ರ ಹೋರಾಡುವೆವೆಂದು ಹೊರಟವರು, ಸೆರೆಯಾಳಿನ ಹಿಂದಿನ ಬಾಳಿನಲ್ಲಿ ಸಣ್ಣದೊಂದು ಕಲೆ ಕಂಡೊಡನೆ ನಾಚಿ ಹಿಂದೆಗೆಯುವರು. ಅಥವಾ ಆ ಕಲೆಯನ್ನು ಮುಚ್ಚಿ ಸುಳ್ಳಿನ ದಾರಿಯನ್ನು ಹಿಡಿಯುವರು.

ಭಾರತವನ್ನು ಗಮಕಿಗಳ ಬಾಯಲ್ಲಿ ಕೇಳಿದವರಿಗೆ ಘೋಷಯಾತ್ರೆಯ ಪ್ರಸಂಗವು ನೆನಪಿಗೆ ಬರದಿರದು. ಕಾಡಿನಲ್ಲಿರುವ ಪಾಂಡವರನ್ನು ಅಣಕಿಸುವುದಕ್ಕೆಂದೇ ವೈಭವದಿಂದ ಬಂದ ದುರ್ಯೋಧನನನ್ನು ಗಂಧರ್ವನಾದ ಚಿತ್ರಸೇನನು ಕಟ್ಟಿ ಒಯ್ದನು. ದುರ್ಯೋಧನನು ನಿರಪರಾಧಿಯೆಂದು ಯಾರೂ ಹೇಳಲಾರರು. ಭೀಮನಿಗೆ ಸಂತೋಷವೇ ಆಯಿತು. ಆದರೆ ಮೊರೆಯಿಡುತ್ತ ಬಂದವರನ್ನು ಕಂಡು ಧರ್ಮರಾಯನು ತಮ್ಮಂದಿರನ್ನು ಬಿಡುಗಡೆಗಾಗಿ ಕಳುಹಿಸಿದನು. ಏತಕ್ಕಾಗಿ ಹಿಡಿದೆಯೆಂದು ಅರ್ಜುನನು ಚಿತ್ರಸೇನನನ್ನು ಕೇಳಿದನು. ಕಾರಣವನ್ನು ತಿಳಿದ ಮೇಲೆಯೂ ಧರ್ಮರಾಯನು ಬಿಡಿಸಿಯೇ ಬಿಟ್ಟನು. ತಮ್ಮೊಳಗಿನ ಜಗಳದಲ್ಲಿ ಅವರು ನೂರು, ತಾವು ಐದು; ಹೊರಗಿನವರು ಬಂದರೆ ತಾವು ನೂರೈದು ಎಂಬುದು ಆತನ ನಿಲುವು. ಅಪರಾಧಿಯ ಬಿಡುಗಡೆಗೂ ಧರ್ಮದಲ್ಲಿ ಎಡೆಯುಂಟೆಂಬುದು ಇದರಿಂದ ತಿಳಿಯುವುದು. ಆದರೂ ಆ ನೂರೈದರ ಲೆಕ್ಕಕ್ಕೆ ಮೇರೆಯೊಂದಿದೆ: ನೂರಾರನೆಯವನು ಸೆರೆಯಾದರೆ ಕೇಳುವವರು ಯಾರು?

ಅದಕ್ಕೆ ಉತ್ತರವು ಅದೇ ಭಾರತದ ಸಭಾಪರ್ವದಲ್ಲಿದೆ. ಜರಾಸಂಧನು ಗಿರಿವ್ರಜದಲ್ಲಿ ೮೬ ಮಂದಿ ಅರಸರನ್ನು ಕೂಡಿಹಾಕಿ, ನೂರು ತುಂಬಿದೊಡನೆ ಬಲಿಕೊಡಬೇಕೆಂದಿದ್ದನೆಂದು ವ್ಯಾಸಭಾರತವು ಹೇಳುವುದು. ಕೃಷ್ಣ, ಭೀಮ, ಅರ್ಜುನ ಈ ಮೂವರು ಅಲ್ಲಿಗೆ ಹೋದುದು ನೆಂಟರ ಬಿಡುಗಡೆಗಾಗಿ ಅಲ್ಲ. ರಾಜಸೂಯದ ಪ್ರಯೋಜನವೂ ಹಳೆಯ ವೈರವೂ ಅವರ ಮನಸ್ಸಿನಲ್ಲಿದ್ದುವೆಂಬುದು ದಿಟ. ಬಿಡಿಸಹೊರಟವರ ಉದ್ದೇಶಗಳು ಅಪ್ಪಟವಾಗಿರುವುದು ಪುರಾಣದಲ್ಲಿಯೂ ಅಪರೂಪ. ಆದರೆ ಬಾಗಿಲು ತೆರೆದಾಗ ಹೊರಗೆ ಬಂದ ಅರಸರಲ್ಲಿ ಯಾರನ್ನೂ ನೀನು ಯಾರ ಕಡೆಯವನೆಂದು ಕೇಳಿ ಮತ್ತೆ ಒಳಕ್ಕೆ ಹಾಕಲಿಲ್ಲ.

ಇಲ್ಲಿಂದ ಮೂರನೆಯ ಉತ್ತರಕ್ಕೆ ಬರಬಹುದು. ಅದರ ಪ್ರಮಾಣಕ್ಕಾಗಿ ಮೈಸೂರು ನಗರವನ್ನು ಬಿಟ್ಟು ಹೋಗಬೇಕಾದುದಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರವು ಲೋಕಕ್ಕೆ ಮರಳಿ ದೊರೆತದ್ದು ಇಲ್ಲಿಯ ಪ್ರಾಚ್ಯಪುಸ್ತಕ ಭಂಡಾರದಲ್ಲಿ. ಆರ್. ಶಾಮಶಾಸ್ತ್ರಿಗಳು ಆ ತಾಳೆಯೋಲೆಯ ಪ್ರತಿಯನ್ನು ಗುರುತಿಸಿ ೧೯೦೯ರಲ್ಲಿ ಮೂಲವನ್ನೂ ೧೯೧೫ರಲ್ಲಿ ಇಂಗ್ಲಿಷ್ ಅನುವಾದವನ್ನೂ ಪ್ರಕಟಿಸಿದರು. ಕಂಟಕಶೋಧನವೆಂಬ ನಾಲ್ಕನೆಯ ಅಧಿಕರಣದಲ್ಲಿ, ಶಾಸ್ತ್ರಿಗಳ ಅನುವಾದದಂತೆ, ಬಂಧನಾಗಾರದ ಅಧ್ಯಕ್ಷನಿಗೆ ವಿಧಿಸಿದ ದಂಡಗಳ ಪಟ್ಟಿಯೊಂದಿದೆ. ಕಾರಣವನ್ನು ಹೇಳದೆ ಒಬ್ಬನನ್ನು ಕೂಡಿಹಾಕಿದರೆ ೨೪ ಪಣ. ಅನ್ಯಾಯವಾಗಿ ಹಿಂಸಿಸಿದರೆ ೪೮ ಪಣ. ಸ್ಥಳ ಬದಲಾಯಿಸಿದರೆ ಅಥವಾ ಅನ್ನ ನೀರುಗಳನ್ನು ತಡೆದರೆ ೯೬ ಪಣ. ಕೌಟಿಲ್ಯನು ಮೃದುಹೃದಯದವನೆಂದು ಯಾರೂ ದೂರುವಂತಿಲ್ಲ. ಗೂಢಚಾರರನ್ನೂ ಚಿತ್ರಹಿಂಸೆಯನ್ನೂ ರಾಜ್ಯದ ಅಂಗಗಳನ್ನಾಗಿ ಒಪ್ಪಿಕೊಂಡವನು ಆತನು. ಅಂಥವನು ಕೂಡ ಕಾರಣ ಹೇಳದ ಸೆರೆಯನ್ನು ಅಪರಾಧಗಳಲ್ಲಿ ಎಣಿಸಿದನು. ಅಲ್ಲಿ ದಂಡ ತೆರಬೇಕಾದವನು ಸೆರೆಯಾಳಲ್ಲ, ಸೆರೆಯಲ್ಲಿಟ್ಟವನು. ಸೆರೆಯಾಳು ಒಳ್ಳೆಯವನೋ ಕೆಟ್ಟವನೋ, ಸ್ವದೇಶದವನೋ ಪರದೇಶದವನೋ ಎಂಬ ವಿಚಾರವನ್ನು ಆ ವಿಧಿಯು ಎತ್ತುವುದೇ ಇಲ್ಲ.

ಆಧುನಿಕ ರಾಷ್ಟ್ರಗಳು ಇದನ್ನೇ ಬೇರೆ ಮಾತುಗಳಲ್ಲಿ ಒಪ್ಪಿಕೊಂಡಿವೆ. ೧೯೬೩ರ ವಿಯೆನ್ನಾ ಒಡಂಬಡಿಕೆಯ ೩೬ನೆಯ ವಿಧಿಯಂತೆ, ಪರದೇಶೀಯನನ್ನು ಸೆರೆಹಿಡಿದ ರಾಜ್ಯವು ತನ್ನ ದೇಶದ ಪ್ರತಿನಿಧಿಗೆ ಸುದ್ದಿ ಕಳುಹಿಸುವ ಹಕ್ಕು ಅವನಿಗುಂಟೆಂಬುದನ್ನು ತಡಮಾಡದೆ ತಿಳಿಸತಕ್ಕದ್ದು. ಆ ಪ್ರತಿನಿಧಿಗೆ ಅವನನ್ನು ಕಂಡು ಮಾತನಾಡಲು, ವಕೀಲನನ್ನು ಗೊತ್ತುಮಾಡಲು ಅವಕಾಶವಿರತಕ್ಕದ್ದು. ಪಾಕಿಸ್ತಾನದಲ್ಲಿ ಮರಣದಂಡನೆಗೆ ಗುರಿಯಾದ ಕುಲಭೂಷಣ ಜಾಧವರ ವ್ಯಾಜ್ಯದಲ್ಲಿ ಹೇಗಿನ ಅಂತರರಾಷ್ಟ್ರೀಯ ನ್ಯಾಯಸ್ಥಾನವು ೨೦೧೯ನೆಯ ಜುಲೈ ೧೭ರಂದು, ಈ ವಿಧಿಯು ಭಂಗವಾಗಿದೆಯೆಂದೂ ತೀರ್ಪನ್ನು ಪುನರ್ವಿಮರ್ಶೆ ಮಾಡಬೇಕೆಂದೂ ಹೇಳಿತು. ಅವರು ಅಪರಾಧಿಯೋ ಅಲ್ಲವೋ ಎಂಬುದನ್ನು ನಿರ್ಣಯಿಸಲಿಲ್ಲ, ಬಿಡುಗಡೆ ಮಾಡಿರೆಂದೂ ವಿಧಿಸಲಿಲ್ಲ. ಬಿಡುಗಡೆಯನ್ನೇ ಬಯಸಿದವರಿಗೆ ಇದು ಅರೆತೃಪ್ತಿಯನ್ನುಂಟುಮಾಡಿದ್ದು ಸಹಜ. ಆದರೆ ಮೂರನೆಯ ಉತ್ತರದ ಬಲವೂ ಮಿತಿಯೂ ಇದೇ. ಕಾರಣವನ್ನು ಹೇಳಿ, ವಕೀಲನನ್ನು ಕಾಣಗೊಡಿ, ನ್ಯಾಯಾಧಿಪತಿಯ ಮುಂದೆ ನಿಲ್ಲಿಸಿ, ಮನೆಗೆ ಕಾಗದ ಬರೆಯಗೊಡಿ ಎಂದು ಕೇಳುವುದು ಅದು. ಹೀಗೆ ಕೇಳಿದವರು ಕಡೆಗೆ ಸೆರೆಯಾಳು ತಪ್ಪಿತಸ್ಥನೆಂದು ನ್ಯಾಯವಾಗಿ ಸ್ಥಾಪಿತವಾದರೂ ಸೋಲುವುದಿಲ್ಲ. ಏಕೆಂದರೆ ಅವರು ಕೇಳಿದ್ದು ಆ ನ್ಯಾಯವನ್ನೇ.

ಇದಕ್ಕೆ ಪ್ರತಿಯಾಗಿ ಹೇಳಬೇಕಾದುದೂ ಉಂಟು. ಗ್ಲಾಸ್ಗೋದಲ್ಲಿ ವಾಹನ ಉರಿದು ಎರಡೇ ದಿನಗಳಾಗಿದ್ದುವು. ಪೊಲೀಸರು ಪೂರ್ಣ ತಿಳಿವು ಬರುವವರೆಗೂ ಕಾದಿದ್ದು, ಅಷ್ಟರಲ್ಲಿ ಇನ್ನೊಂದು ವಿಮಾನನಿಲ್ದಾಣವು ಉರಿದಿದ್ದರೆ, ಸತ್ತವರ ಮನೆಗಳಿಗೆ ಉತ್ತರ ಹೇಳುವವರು ಯಾರು? ಅವರಿಗೂ ಬಂಧುಗಳುಂಟು. ಈ ಆಕ್ಷೇಪವು ಹುಸಿಯಲ್ಲ. ಸಂಶಯದಿಂದ ಪ್ರಶ್ನೆ ಕೇಳುವುದಕ್ಕೆ, ಸ್ವಲ್ಪ ಕಾಲ ತಡೆದು ನಿಲ್ಲಿಸುವುದಕ್ಕೆ ರಾಜ್ಯಕ್ಕೆ ಅಧಿಕಾರವಿರಲೇಬೇಕು. ಆದರೆ ಸಂಶಯವು ವಿಚಾರಣೆಯ ಆರಂಭವೇ ಹೊರತು ಅದರ ಅಂತ್ಯವಲ್ಲ. ಹನೀಫರಿಗೆ ಆ ಕೃತ್ಯದ ಅರಿವಿತ್ತೆಂದು ತೋರಿಸುವ ಮಾಹಿತಿ ತನ್ನಲ್ಲಿಲ್ಲವೆಂದು ಆ ದೇಶದ ಗೂಢಚಾರ ಇಲಾಖೆಯೇ ಆಪಾದನೆ ಹೊರಿಸುವುದಕ್ಕೆ ಮೊದಲೇ ತಿಳಿಸಿತ್ತು. ಅಂದಮೇಲೆ ಅಲ್ಲಿ ಸಂಶಯವನ್ನು ಬೆಳೆಸಿದ್ದು ಹೊಸ ಸಾಕ್ಷ್ಯವಲ್ಲ. ಹಿಡಿದವನನ್ನು ಬಿಟ್ಟರೆ ಹಿಡಿದುದೇ ತಪ್ಪೆಂದು ಒಪ್ಪಿದಂತಾಗುವುದೆಂಬ ಅಂಜಿಕೆಯೇ ಎಂದು ತೋರುವುದು. ಸುರಕ್ಷತೆಯ ಹೆಸರಿನಲ್ಲಿ ನಡೆಯುವ ತಪ್ಪುಗಳಲ್ಲಿ ಎಷ್ಟೋ ಈ ಬಗೆಯವು. ತಪ್ಪಾದ ಮನುಷ್ಯನನ್ನು ಕಾಯುತ್ತ ಕುಳಿತ ಕಾವಲುಗಾರನಿಂದ ಊರಿಗೆ ಕಾವಲು ಹೆಚ್ಚಿದಂತಾಗುವುದಿಲ್ಲ.

ಇನ್ನೊಂದು ಪ್ರಶ್ನೆ, ಗಟ್ಟಿಯಾಗಿ ಕೂಗಬೇಕೋ ಮೆಲ್ಲಗೆ ಮಾತನಾಡಬೇಕೋ ಎಂಬುದು. ಹನೀಫರಿಗೆ ನೆರವಾದುದು ಬಹಿರಂಗದ ಚರ್ಚೆ. ಏಕೆಂದರೆ ಅಲ್ಲಿ ಪತ್ರಿಕೆಗಳೂ ನ್ಯಾಯಸ್ಥಾನಗಳೂ ಸ್ವತಂತ್ರವಾಗಿದ್ದುವು. ೨೦೨೨ನೆಯ ಆಗಸ್ಟಿನಲ್ಲಿ ಕತಾರಿನಲ್ಲಿ ಸೆರೆಯಾದ ಭಾರತೀಯ ನೌಕಾದಳದ ಎಂಟು ಮಂದಿ ನಿವೃತ್ತರ ವಿಷಯವು ಬೇರೆ. ಅವರ ಮೇಲಣ ಆಪಾದನೆಗಳನ್ನು ಬಹಿರಂಗಪಡಿಸಲೇ ಇಲ್ಲ. ೨೦೨೩ನೆಯ ಅಕ್ಟೋಬರಿನಲ್ಲಿ ಮರಣದಂಡನೆಯಾಯಿತು. ಡಿಸೆಂಬರಿನಲ್ಲಿ ಅದನ್ನು ಇಳಿಸಿದರು. ೨೦೨೪ನೆಯ ಫೆಬ್ರವರಿ ೧೨ರಂದು ಬಿಡುಗಡೆಯ ವಾರ್ತೆ ಬಂದಿತು. ಅಲ್ಲಿ ಕೆಲಸ ಮಾಡಿದುದು ಬಹುಮಟ್ಟಿಗೆ ರಾಜ್ಯಗಳ ನಡುವಣ ಗುಟ್ಟಿನ ಮಾತುಕತೆ. ಆದುದರಿಂದ ಕೂಗಾಗಲಿ ಮೌನವಾಗಲಿ ತಾನಾಗಿಯೇ ಧರ್ಮವೆನಿಸದು. ಪರೀಕ್ಷೆಯ ಮಾತು ಒಂದೇ: ಈ ನಡೆಯು ಸೆರೆಯಲ್ಲಿರುವವನಿಗಾಗಿಯೋ, ಹೊರಗಿರುವವರ ಹೆಸರಿಗಾಗಿಯೋ? ಸೆರೆಯಾಳನ್ನು ತಮ್ಮ ಕೋಪದ ಬಾವುಟವನ್ನಾಗಿ ಮಾಡಿಕೊಂಡವರಿಗೆ ಅವನ ಬಿಡುಗಡೆಯೇ ಒಂದು ನಷ್ಟವಾಗಿ ತೋರುವ ಅಪಾಯವುಂಟು.

ಮೂರನೆಯ ಉತ್ತರವನ್ನು ಒಪ್ಪಿಕೊಂಡವರ ಮೇಲೆ ಅದು ಒಂದು ಋಣವನ್ನೂ ಹೊರಿಸುವುದು. ಬ್ರಿಸ್ಬೇನಿನ ಬಾಗಿಲಿನಲ್ಲಿ ನಿಂತು ಕೇಳಿದುದನ್ನು ಮನೆಯ ಬಾಗಿಲಿನಲ್ಲಿ ಕೇಳದಿರಲಾಗದು. ಭಾರತದ ಸಂವಿಧಾನದ ೨೧ನೆಯ ವಿಧಿಯು ಪ್ರಾಣಕ್ಕೂ ಸ್ವಾತಂತ್ರ್ಯಕ್ಕೂ ಕೊಟ್ಟ ರಕ್ಷಣೆಯು ಪೌರರಿಗೆ ಮಾತ್ರ ಮೀಸಲಾದುದಲ್ಲ. ಅದರಲ್ಲಿರುವ ಮಾತು ವ್ಯಕ್ತಿ ಎಂಬುದು. ಆ ಮಾತಿನ ನೆರಳಿನಲ್ಲಿ ಪರದ��ಶೀಯನೂ ಸೇರುವನು. ಕರ್ನಾಟಕದಲ್ಲಿಯೇ ನೆಲಮಂಗಲದ ಬಳಿಯ ಸೊಂಡೆಕೊಪ್ಪದಲ್ಲಿ, ರಹದಾರಿಯಿಲ್ಲದೆ ಬಂದ ಅಥವಾ ಅವಧಿ ಮೀರಿ ಉಳಿದ ವಿದೇಶೀಯರನ್ನು ಇರಿಸುವುದಕ್ಕಾಗಿ ೨೦೧೯ರಲ್ಲಿ ಒಂದು ಕೇಂದ್ರವನ್ನು ಸಿದ್ಧಪಡಿಸಲಾಯಿತು. ಅಂಥ ಕಡೆಗಳಲ್ಲಿ ಇರುವವನನ್ನು ಕಾನೂನಿನಂತೆ ಹಿಂದಕ್ಕೆ ಕಳುಹಿಸುವ ಅಧಿಕಾರವು ರಾಜ್ಯಕ್ಕುಂಟು. ಆದರೆ ಅವನಿಗೆ ಕಾರಣವನ್ನು ಅವನ ಭಾಷೆಯಲ್ಲಿ ತಿಳಿಸಿದೆಯೋ, ವಕೀಲನು ಸಿಕ್ಕಿದನೋ, ಲಾಗೋಸಿನಲ್ಲೋ ಢಾಕೆಯಲ್ಲೋ ಇರುವ ಮನೆಗೆ ಸುದ್ದಿ ಹೋಯಿತೋ ಎಂದು ವಿಚಾರಿಸುವವರು ಬೇಕು. ಅವನ ಬಂಧುಗಳು ದೂರದಲ್ಲಿರುವರು. ಇಲ್ಲಿರುವವರಿಗೆ ಅವನು ನೂರಾರನೆಯವನು. ಹನೀಫರಿಗಾಗಿ ಕನ್ನಡಿಗರು ಆಸ್ಟ್ರೇಲಿಯದವರಿಂದ ಬಯಸಿದ ನಡತೆಯನ್ನು ಇಲ್ಲಿ ಸಲ್ಲಿಸದಿದ್ದರೆ, ಆ ಬಯಕೆಯು ನ್ಯಾಯದ್ದಾಗಿರಲಿಲ್ಲ, ಬರಿಯ ನೆಂಟಸ್ತನದ್ದಾಗಿತ್ತೆಂದು ಹೇಳಬೇಕಾಗುವುದು.

ಬಂಧುವಿನ ಪ್ರೀತಿಯನ್ನು ಬಿಟ್ಟುಬಿಡಬೇಕೆಂದು ಇದರ ಅರ್ಥವಲ್ಲ. ಆ ಪ್ರೀತಿಯಿಲ್ಲದೆ ಮೊದಲ ಕೂಗೇ ಹೊರಡದು. ಬಂಧುವಿನಿಂದ ಹೊರಟ ಕೂಗು ಬಂಧುವಲ್ಲದವನ ಕಿವಿಯನ್ನು ಮುಟ್ಟಿ, ಅವನ ಬಾಯಿಂದ ಮತ್ತೊಮ್ಮೆ ಹೊರಡಬೇಕು. ಆಗ ಅದು ಬೇಡಿಕೆಯಾಗಿ ಉಳಿಯದೆ ನ್ಯಾಯದ ಮಾತಾಗುವುದು. ಕಾರಣ ಹೇಳದೆ ಕೂಡಿಹಾಕಿದವನಿಗೆ ೨೪ ಪಣ ದಂಡವೆಂದು ತಾಳೆಯೋಲೆಯಲ್ಲಿ ಬರೆದಿದ್ದರೂ ಓಲೆಯು ತಾನಾಗಿ ಹೋಗಿ ಆ ಹಣವನ್ನು ವಸೂಲು ಮಾಡಲಾರದು. ವಿಯೆನ್ನಾದ ಕಾಗದವೂ ಹಾಗೆಯೇ, ಸಂವಿಧಾನದ ವಿಧಿಯೂ ಹಾಗೆಯೇ. ಯಾರಾದರೊಬ್ಬರು ಸೆರೆಮನೆಯ ಬಾಗಿಲಿಗೆ ಹೋಗಿ, ಇವನನ್ನು ಏಕೆ ಇಟ್ಟಿದ್ದೀರೆಂದು ಕೇಳಬೇಕು. ಉತ್ತರ ಬರುವವರೆಗೂ ಅಲ್ಲಿಂದ ಕದಲಬಾರದು. ರಕ್ತದ ನಂಟಿಲ್ಲದೆ ಹೀಗೆ ಕೇಳುತ್ತ ನಿಂತವನಿಗೆ ಕನ್ನಡದಲ್ಲಿ ಬೇರೆ ಹೆಸರನ್ನು ಹುಡುಕಬೇಕಾದುದಿಲ್ಲ. ಅವನೂ ಬಂಧುವೇ.